ಹಲವು ಗಾಯನ ತಂಡಗಳು, ಒಂದೇ ಹಾಡು ಹಬ್ಬ: ಆಯೋಜಕರಿಗೆ ಸಮಗ್ರ ಮಾರ್ಗದರ್ಶಿ

ಹಾಡು ಹಬ್ಬ ಮಾಡೋಣ ಎಂದು ಕೂತವರು ಮೊದಲು ಹುಡುಕುವುದು ಸಭಾಂಗಣ. ಆಮೇಲೆ ಮುಖ್ಯ ಅತಿಥಿ. ಆಮೇಲೆ ಬ್ಯಾನರ್. ಎಲ್ಲ ತಂಡಗಳೂ ಸೇರಿ ಏನು ಹಾಡುತ್ತವೆ ಎಂಬ ಮಾತು ಬರುವುದು ಕೊನೆಯ ವಾರಗಳಲ್ಲಿ. ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು. ಒಂದರ ಹಿಂದೆ ಒಂದು ತಂಡ ಬಂದು, ತನ್ನ ಮೂರು ಹಾಡು ಹಾಡಿ, ಬ್ಯಾಗ್ ಎತ್ತಿಕೊಂಡು ಹೊರಟರೆ ಅದು ಏಳು ಸಣ್ಣ ಕಾರ್ಯಕ್ರಮ ಆಯಿತೇ ಹೊರತು ಹಬ್ಬ ಆಗಲಿಲ್ಲ. ಎಲ್ಲರೂ ಕೂಡಿ ಹಾಡುವ ಎರಡು ಮೂರು ಹಾಡುಗಳೇ ಹಬ್ಬದ ಜೀವ. ಇಲ್ಲಿ ಅವುಗಳನ್ನು 'ಎಲ್ಲರ ಹಾಡು' ಎಂದು ಕರೆಯುತ್ತೇನೆ. ಮೊದಲು ಅವನ್ನು ತೀರ್ಮಾನಿಸಿ. ಸಭಾಂಗಣ, ಸಮಯ, ಮೈಕ್, ಖರ್ಚು ಎಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬನ್ನಿ.

ಇದು ಹೊಸ ಯೋಚನೆಯೇನಲ್ಲ. ಎಸ್ಟೋನಿಯಾದಲ್ಲಿ ಮೊದಲ ಹಾಡು ಹಬ್ಬ ನಡೆದದ್ದು 1869ರಲ್ಲಿ, ತಾರ್ತು ಊರಿನಲ್ಲಿ. ಲಾಟ್ವಿಯಾದಲ್ಲಿ 1873ರಿಂದ, ಲಿಥುವೇನಿಯಾದಲ್ಲಿ 1924ರಿಂದ ಇಂಥ ಹಬ್ಬಗಳಿವೆ. ಈಗ ಅಲ್ಲಿ ಸಾವಿರಾರು ಜನ ಒಟ್ಟಿಗೆ ನಿಂತು ಹಾಡುತ್ತಾರೆ. ಅದು ಸಾಧ್ಯವಾಗುವುದು ಹಾಡುಗಳ ಪಟ್ಟಿ ಬಹಳ ಮೊದಲೇ ತಂಡಗಳ ಕೈ ಸೇರುವುದರಿಂದ. ತಂಡಗಳು ಮನೆಯಲ್ಲೇ ಕಲಿತು ಬರುತ್ತವೆ. ಹಬ್ಬದ ಜಾಗದಲ್ಲಿ ಕಲಿಯುವುದಿಲ್ಲ, ಜೋಡಿಸಿಕೊಳ್ಳುತ್ತವೆ ಅಷ್ಟೇ. ಐದಾರು ತಂಡಗಳ ಸಣ್ಣ ಹಬ್ಬಕ್ಕೂ ಇದೇ ನಿಯಮ ಸಾಕು.

ಎಷ್ಟು ದೊಡ್ಡದು, ಎಷ್ಟು ಮೊದಲು

ಮೊದಲ ಸಲ ಮಾಡುವವರಿಗೆ ಐದರಿಂದ ಏಳು ತಂಡ ಸರಿಯಾದ ಅಳತೆ. ತಂಡಕ್ಕೆ ಸುಮಾರು 30 ಜನ ಎಂದರೂ ಏಳು ತಂಡಕ್ಕೆ 210 ಗಾಯಕರಾದರು. ಇದಕ್ಕಿಂತ ಜಾಸ್ತಿ ಆದರೆ ಹಾಡಿಸುವುದಕ್ಕಿಂತ ಜನರನ್ನು ಅತ್ತಿಂದಿತ್ತ ಸಾಗಿಸುವುದೇ ಕೆಲಸವಾಗುತ್ತದೆ.

ಸಿದ್ಧತೆಗೆ ಎಂಟು ಒಂಬತ್ತು ತಿಂಗಳು ಇಟ್ಟುಕೊಳ್ಳಿ. ಪ್ರತಿ ತಂಡದಿಂದ ಒಬ್ಬರಂತೆ ಸೇರಿಸಿ ಒಂದು ಸಮಿತಿ ಮಾಡಿ. ಆ ಒಬ್ಬರು ನಿರ್ದೇಶಕರೇ ಆಗಬೇಕಿಲ್ಲ, ಆಗದಿದ್ದರೆ ಇನ್ನೂ ಒಳ್ಳೆಯದು. ನಿರ್ದೇಶಕರ ತಲೆಯಲ್ಲಿ ಹಾಡು ಇರುತ್ತದೆ. ಸಮಿತಿಗೆ ಬೇಕಾದವರು ಫೋನ್ ಎತ್ತುವವರು, ಪಟ್ಟಿ ಬರೆಯುವವರು.

ಆರು ತಿಂಗಳು ಮೊದಲು ಎಲ್ಲರ ಹಾಡುಗಳು ನಿಗದಿಯಾಗಿರಬೇಕು. ಐದು ತಿಂಗಳು ಮೊದಲು ನೊಟೇಷನ್, ಅಂದರೆ ಹಾಡಿನ ಸ್ವರ ಬರೆದ ಪ್ರತಿ, ತಂಡಗಳ ಕೈಯಲ್ಲಿರಬೇಕು. ಎರಡು ತಿಂಗಳು ಇರುವಾಗ ಎಲ್ಲರ ಹಾಡಿನ ನಿರ್ದೇಶಕರು ಪ್ರತಿ ತಂಡದ ಪ್ರಾಕ್ಟೀಸ್‌ಗೆ ಒಂದು ಸಲವಾದರೂ ಹೋಗಿ ಬರಬೇಕು. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಆ ಕೈ ಹೇಗೆ ಆಡುತ್ತದೆ ಎಂದು ಗಾಯಕರು ಒಮ್ಮೆ ನೋಡಿದ್ದರೆ ಹಬ್ಬದ ದಿನ ಅರ್ಧ ಗಂಟೆ ಉಳಿಯುತ್ತದೆ.

ಸ್ಪರ್ಧೆ ಇಡಬೇಕೇ? ಬೇಡ ಎನ್ನುವುದು ನನ್ನ ಮತ. ಬಹುಮಾನ ಬಂದ ಕೂಡಲೇ ತಂಡಗಳು ಪಕ್ಕದವರ ಹಾಡು ಕೇಳುವುದನ್ನು ಬಿಟ್ಟು ಅಂಕ ಹಾಕಲು ಶುರುಮಾಡುತ್ತವೆ. ಅಭಿಪ್ರಾಯ ಬೇಕೆನ್ನುವ ತಂಡಕ್ಕೆ ಅನುಭವಿ ಸಂಗೀತಗಾರರೊಬ್ಬರಿಂದ ಒಂದು ಪುಟ ಬರೆಸಿಕೊಡಿ. ಅದು ಆ ತಂಡಕ್ಕೆ ಮಾತ್ರ ತಲುಪಲಿ.

ಎಲ್ಲರ ಹಾಡು ಆರಿಸುವುದು

ಇಲ್ಲಿ ಸಮಯ ಕೊಡಿ. ಉಳಿದದ್ದು ಸ್ವಲ್ಪ ಎಡವಟ್ಟಾದರೂ ನಡೆಯುತ್ತದೆ, ಇದು ತಪ್ಪಿದರೆ ಇಡೀ ಸಂಜೆ ಸಪ್ಪೆ.

ಮೂರು ಹಾಡು ಸಾಕು. ಒಂದು ಎಲ್ಲರಿಗೂ ಹೆಚ್ಚುಕಡಿಮೆ ಗೊತ್ತಿರುವುದು, ಪ್ರೇಕ್ಷಕರೂ ದನಿ ಸೇರಿಸಬಹುದಾದದ್ದು. ಒಂದು ಹೊಸದು, ಸ್ವಲ್ಪ ಕಷ್ಟದ್ದು, ಕಲಿತೆವು ಎಂಬ ಖುಷಿ ಕೊಡುವಂಥದ್ದು. ಮೂರನೆಯದು ನಿಧಾನದ ಹಾಡು. ದೊಡ್ಡ ಗುಂಪಿಗೆ ಒಪ್ಪುವುದು ನಿಧಾನ, ಉದ್ದ ಸ್ವರಗಳ ಹಾಡು. ಪಟಪಟ ಮಾತಿನ ಹಾಡು 30 ಜನರ ಬಾಯಲ್ಲಿ ಚುರುಕಾಗಿ ಕೇಳುತ್ತದೆ, 200 ಜನರ ಬಾಯಲ್ಲಿ ಕಲಸಿಹೋಗುತ್ತದೆ. ಯಾಕೆ ಅನ್ನುವುದಕ್ಕೆ ಲೆಕ್ಕವೇ ಇದೆ, ಮುಂದೆ ಬರುತ್ತದೆ.

ಹಾಡಿನ ವ್ಯಾಪ್ತಿ ನೋಡಿ. ತರಬೇತಿ ಇಲ್ಲದ ದನಿಗಳೂ ಇರುವ ಗುಂಪು ಒಂದೇ ರಾಗದಲ್ಲಿ ಹಾಡುವಾಗ, ಹೆಂಗಸರಿಗೆ ಕೀಬೋರ್ಡಿನ ನಡುವಿನ ಸಿ ಗಿಂತ ಕೆಳಗಿನ ಎ ಇಂದ, ಅದರ ಮೇಲಿನ ಸ್ಥಾಯಿಯ ಡಿ ವರೆಗೆ ಆರಾಮ. ಗಂಡಸರು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಅಂದರೆ ಕೈಯಲ್ಲಿರುವುದು ಒಂದು ಸ್ಥಾಯಿ ಮತ್ತು ಮೇಲೆ ಮೂರು ಸ್ವರ ಮಾತ್ರ. ಮಂದ್ರ ಪಂಚಮದಿಂದ (ಕೆಳಗಿನ ಸ್ಥಾಯಿಯ ಪ) ತಾರ ಷಡ್ಜದವರೆಗೆ (ಮೇಲಿನ ಸ್ಥಾಯಿಯ ಸ) ಓಡಾಡುವ ಹಾಡಾದರೆ ಷಡ್ಜವನ್ನು ಡಿ ಯಲ್ಲಿ, ಅಂದರೆ ಬಿಳಿ ಎರಡರಲ್ಲಿ ಇಟ್ಟರೆ ಸರಿಯಾಗಿ ಕೂರುತ್ತದೆ. ಮಧ್ಯ ಷಡ್ಜದಿಂದ ತಾರ ಸ್ಥಾಯಿಯ ಅಂತರ ಗಾಂಧಾರದವರೆಗೆ (ಎತ್ತರದ ಗ) ಹೋಗುವ ಹಾಡಾದರೆ ಷಡ್ಜಕ್ಕೆ ಕಪ್ಪು ಐದು, ಅಂದರೆ ಎ ಶಾರ್ಪ್ ಬೇಕಾಗುತ್ತದೆ. ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಎರಡೂ ಕಡೆ ಚಾಚುವ ಹಾಡಾದರೆ ಸುಮ್ನೆ ಬಿಟ್ಟುಬಿಡಿ. ಎಷ್ಟು ಚೆಂದ ಇದ್ದರೂ ಅದು ಒಬ್ಬರೇ ಹಾಡಬೇಕಾದ ಹಾಡು. 'ನಮ್ಮ ತಂಡದ ಶ್ರುತಿ ಇದು' ಎಂದು ಹಟ ಹಿಡಿಯುವವರು ಇರುತ್ತಾರೆ. ಎಲ್ಲರ ಹಾಡಿನಲ್ಲಿ ಶ್ರುತಿ ನಿರ್ಧಾರವಾಗುವುದು ಹಾಡಿನಿಂದ, ತಂಡದಿಂದಲ್ಲ.

ಸೊಪ್ರಾನೊ, ಆಲ್ಟೊ (ಹೆಂಗಸರ ಮೇಲಿನ, ಕೆಳಗಿನ ದನಿ), ಟೆನರ್, ಬೇಸ್ (ಗಂಡಸರ ಮೇಲಿನ, ಕೆಳಗಿನ ದನಿ) ಎಂದು ನಾಲ್ಕು ದನಿಗಳಲ್ಲಿ ಹಾಡುವ ಕಾಯರ್‌ಗಳು, ಎಲ್ಲರೂ ಒಂದೇ ರಾಗ ಹಾಡುವ ತಂಡಗಳು ಎರಡೂ ಬಂದರೆ ಏನು ಮಾಡುವುದು? ಮುಖ್ಯ ರಾಗ ಎಲ್ಲರಿಗೂ ಇರಲಿ. ಅದರ ಜೊತೆಗೆ ಸುಲಭದ ಒಂದು ಕೆಳದನಿ, ಬೇಕಿದ್ದರೆ ಕೊನೆಯ ಚರಣದಲ್ಲಿ ಮೇಲೆ ತೇಲುವ ಇನ್ನೊಂದು ದನಿ ಬರೆಸಿ. ಸಮುದಾಯ ತಂಡಗಳಲ್ಲಿ ಎತ್ತರದ ಗಂಡು ದನಿಗಳು ಯಾವಾಗಲೂ ಕಡಿಮೆ. ಟೆನರ್ ದನಿಯ ಮೇಲೆ ಭಾರ ಹಾಕುವ ಸಂಯೋಜನೆ ಬೇಡ. ಒಂದೇ ರಾಗವನ್ನು ಗುಂಪುಗಳು ಒಂದರ ಹಿಂದೊಂದು ಶುರುಮಾಡುವ ರೌಂಡ್ ಇನ್ನೊಂದು ಒಳ್ಳೆಯ ದಾರಿ. ಕಲಿಯಬೇಕಾದ್ದು ಒಂದೇ ಸಾಲು, ಕೇಳಿಸುವುದು ಮೂರು ದನಿ. ಆದರೆ ಪ್ರತಿ ಗುಂಪಿಗೂ ಕೈ ತೋರಿಸುವ ಒಬ್ಬರು ಬೇಕೇ ಬೇಕು.

ಎಲ್ಲರಿಗೂ ಒಂದೇ ಕಾಗದ, ಒಂದೇ ಟ್ರ್ಯಾಕ್

ಒಂದೇ ಹಾಡಿನ ಎರಡು ಬೇರೆ ಪ್ರತಿಗಳು ಚಲಾವಣೆಯಲ್ಲಿದ್ದರೆ ರಿಹರ್ಸಲ್ ಜಗಳದಲ್ಲಿ ಮುಗಿಯುತ್ತದೆ. ಸಾಲುಗಳಿಗೆ ನಂಬರ್ ಹಾಕಿದ ಒಂದೇ ಪ್ರತಿ ಮಾಡಿ. ಅದರ ಮೇಲೆ ನಾಲ್ಕು ವಿಷಯ ಗುರುತು ಹಾಕಿ: ಉಸಿರು ಎಲ್ಲಿ, ಗತಿ ಎಷ್ಟು, ಯಾವ ಸಾಲು ಎಷ್ಟು ಸಲ, ಕೊನೆಯ ಅಕ್ಷರ ಯಾವ ತಾಳಕ್ಕೆ ಮುಚ್ಚಬೇಕು. ಸಾಲಿನ ಕೊನೆಯಲ್ಲಿ 'ಸ್' ಬರುವ ಹಾಡನ್ನು ಗುರುತಿಲ್ಲದೆ 200 ಜನ ಹಾಡಿದರೆ ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ಕೇಳುತ್ತದೆ. ಅಕ್ಷರವನ್ನು ದೊಡ್ಡದಾಗಿ ಮುದ್ರಿಸಿ. 16 ಪಾಯಿಂಟ್‌ಗಿಂತ ಕಡಿಮೆ ಬೇಡ. ತಂಡಗಳಲ್ಲಿ ವಯಸ್ಸಾದವರು ಇರುತ್ತಾರೆ, ವೇದಿಕೆಯ ಬೆಳಕು ಕಣ್ಣಿಗೆ ಹೊಡೆಯುತ್ತದೆ.

ನೊಟೇಷನ್ ಓದಲು ಬಾರದವರೇ ಜಾಸ್ತಿ ಇರುತ್ತಾರೆ, ಅದರಲ್ಲಿ ನಾಚಿಕೆಯೇನಿಲ್ಲ. ಅವರಿಗಾಗಿ ಅಭ್ಯಾಸದ ಟ್ರ್ಯಾಕ್ ಮಾಡಿ. ಪ್ರತಿ ದನಿಗೂ ಒಂದು ಬೇರೆ ಟ್ರ್ಯಾಕ್ ಇರಲಿ. ಆ ದನಿ ಎಡ ಕಿವಿಗೆ, ಉಳಿದದ್ದೆಲ್ಲ ಬಲ ಕಿವಿಗೆ ಬರುವಂತೆ ರೆಕಾರ್ಡ್ ಮಾಡಿದರೆ ಇಯರ್‌ಫೋನಿನಲ್ಲಿ ಬೇಕಾದ್ದನ್ನು ಮಾತ್ರ ಕೇಳಿ ಕಲಿಯಬಹುದು. ಹಬ್ಬದ ದಿನದ ಶ್ರುತಿ ಮತ್ತು ಗತಿಯಲ್ಲೇ ರೆಕಾರ್ಡ್ ಮಾಡಿ. ಟ್ರ್ಯಾಕ್ ಒಂದು ಶ್ರುತಿಯಲ್ಲಿ, ಪಕ್ಕವಾದ್ಯ ಇನ್ನೊಂದರಲ್ಲಿ ಇದ್ದರೆ ಕಲಿತದ್ದೆಲ್ಲ ಅಲುಗಾಡುತ್ತದೆ. ವಾದ್ಯಗಳನ್ನೂ ಒಂದು ಕಡೆ ಸೇರಿಸಿ ನೋಡಿ. ಎ ಸ್ವರ 440 ಹರ್ಟ್ಸ್ ಎಂದು 1939ರಲ್ಲೇ ಅಂತರರಾಷ್ಟ್ರೀಯ ಸಭೆಯಲ್ಲಿ ಒಪ್ಪಿದ್ದಾಗಿದೆ. ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳು ಸಾಮಾನ್ಯವಾಗಿ ಹಾಗೆಯೇ ಇರುತ್ತವೆ. ಹಳೆಯ ಹಾರ್ಮೋನಿಯಂ, ಪಿಯಾನೊಗಳು ಹಾಗಿರಬೇಕೆಂದೇನಿಲ್ಲ. ಹಾರ್ಮೋನಿಯಂ ಅನ್ನು ಸ್ಥಳದಲ್ಲೇ ಶ್ರುತಿ ಮಾಡಲು ಆಗುವುದಿಲ್ಲ. ಆದ್ದರಿಂದ ಕೀಬೋರ್ಡಿನ ಟ್ಯೂನಿಂಗ್ ಅನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಅನುಮತಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಪ್ರಕಾರ ಕೃತಿಯ ಹಕ್ಕು ರಚಿಸಿದವರು ತೀರಿಕೊಂಡ ಮೇಲೆ ಕಡಿಮೆ ಎಂದರೂ 50 ವರ್ಷ ಇರುತ್ತದೆ. ಎಷ್ಟೋ ದೇಶಗಳಲ್ಲಿ ಅದು 70 ವರ್ಷ. ಹಾಡು ಹಳೆಯದಾದರೂ ಅದರ ಹೊಸ ಸಂಯೋಜನೆಗೆ ಬೇರೆ ಹಕ್ಕು ಇರಬಹುದು. ಪ್ರತಿ ತೆಗೆಯುವುದು, ವೇದಿಕೆಯಲ್ಲಿ ಹಾಡುವುದು, ವಿಡಿಯೊ ಮಾಡಿ ಇಂಟರ್ನೆಟ್‌ಗೆ ಹಾಕುವುದು ಮೂರೂ ಬೇರೆ ಬೇರೆ. ಒಂದಕ್ಕೆ ಒಪ್ಪಿಗೆ ಸಿಕ್ಕರೆ ಉಳಿದೆರಡಕ್ಕೂ ಸಿಕ್ಕಿತು ಎಂದಲ್ಲ. ಮೂರನ್ನೂ ಕಾಗದದಲ್ಲಿ ಕೇಳಿ.

ಜಾಗ, ಮತ್ತು ಜಾಗದ ಗಣಿತ

ಸಭಾಂಗಣಕ್ಕೆ ಹೋಗಿ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಒಂದೂವರೆಯಿಂದ ಎರಡು ಸೆಕೆಂಡ್ ನಿಂತು ಕರಗಿದರೆ ಗುಂಪು ಗಾಯನಕ್ಕೆ ಚೆನ್ನ. ತಟ್ಟನೆ ಸತ್ತರೆ ಅದು ಭಾಷಣದ ಹಾಲ್, ಅಲ್ಲಿ ಹಾಡುವವರಿಗೆ ತಾವು ಒಬ್ಬಂಟಿ ಅನ್ನಿಸುತ್ತದೆ. ಮೂರು ಸೆಕೆಂಡ್ ದಾಟಿದರೆ ಮಾತು ಕಲಸುತ್ತದೆ. ಖಾಲಿ ಹಾಲ್‌ನಲ್ಲಿ ಕೇಳಿದ್ದಕ್ಕಿಂತ ಜನ ತುಂಬಿದಾಗ ಅನುರಣನ ಕಡಿಮೆ ಆಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಯಲಿನಲ್ಲಿ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಬಯಲಿನಲ್ಲಿ ದನಿಯನ್ನು ಹಿಂದಿರುಗಿಸುವ ಗೋಡೆ ಇಲ್ಲ. ಎಸ್ಟೋನಿಯಾದ ತಾಲ್ಲಿನ್ ನಗರದ ಹಾಡು ಹಬ್ಬದ ಮೈದಾನದಲ್ಲಿ 1960ರಲ್ಲಿ ಕಟ್ಟಿದ ಭಾರೀ ಕಮಾನು ಇರುವುದು ಅಂದಕ್ಕಷ್ಟೇ ಅಲ್ಲ, ಗಾಯಕರ ದನಿಯನ್ನು ಜನರ ಕಡೆಗೆ ತಿರುಗಿಸಲು. ನಿಮಗೆ ಕಮಾನು ಇಲ್ಲದಿದ್ದರೆ ಕಟ್ಟಡದ ಗೋಡೆಗೆ ಬೆನ್ನು ಹಾಕಿ ತಂಡ ನಿಲ್ಲಿಸಿ.

ಈಗ ನಿಲ್ಲುವ ಲೆಕ್ಕ. ಒಬ್ಬರಿಗೆ 60 ಸೆಂಟಿಮೀಟರ್ ಅಗಲ ಬೇಕು. 200 ಜನರನ್ನು ಐದು ಸಾಲು ಮಾಡಿದರೆ ಸಾಲಿಗೆ 40 ಜನ, ಅಂದರೆ 24 ಮೀಟರ್. ಬಹುಪಾಲು ವೇದಿಕೆಗಳು ಇದರ ಅರ್ಧ ಅಗಲವೂ ಇರುವುದಿಲ್ಲ. ಆದ್ದರಿಂದ ಅರ್ಧ ಜನ ವೇದಿಕೆಯ ಮೇಲೆ, ಉಳಿದವರು ವೇದಿಕೆಯ ಮುಂದಿನ ನೆಲದಲ್ಲಿ ಮತ್ತು ಎರಡು ಪಕ್ಕಗಳಲ್ಲಿ ನಿಲ್ಲುವ ವ್ಯವಸ್ಥೆ ಮೊದಲೇ ಯೋಚಿಸಿ. ನಿರ್ದೇಶಕರು ಪ್ರೇಕ್ಷಕರ ಮೊದಲ ಸಾಲುಗಳ ನಡುವೆ ಒಂದು ಎತ್ತರದ ಪೀಠದ ಮೇಲೆ ನಿಂತರೆ ಎಲ್ಲರಿಗೂ ಕಾಣುತ್ತಾರೆ.

ಕಾಣುವುದು ಯಾಕಿಷ್ಟು ಮುಖ್ಯ? ಸುಮಾರು 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತದೆ. 24 ಮೀಟರ್ ದಾಟಲು 0.07 ಸೆಕೆಂಡ್ ಬೇಕು. ನಿಮಿಷಕ್ಕೆ 120 ತಾಳದ ಹಾಡಿನಲ್ಲಿ ಒಂದು ತಾಳ ಅರ್ಧ ಸೆಕೆಂಡ್. ಅದರಲ್ಲಿ ನಾಲ್ಕು ಅಕ್ಷರ ಇದ್ದರೆ ಒಂದೊಂದಕ್ಕೆ 0.125 ಸೆಕೆಂಡ್. ಅಂದರೆ ಎಡ ತುದಿಯವರ ದನಿ ಬಲ ತುದಿಗೆ ತಲುಪುವಷ್ಟರಲ್ಲಿ ಅರ್ಧ ಅಕ್ಷರ ಮುಗಿದಿರುತ್ತದೆ! ಆ ಕಡೆಯವರು ಕೇಳಿಕೊಂಡು ಹಾಡಿದರೆ ಹಿಂದೆ ಬೀಳುತ್ತಾರೆ. ಅವರನ್ನು ಕೇಳಿಕೊಂಡು ಇವರು ಇನ್ನೂ ನಿಧಾನ ಮಾಡುತ್ತಾರೆ. ದೊಡ್ಡ ಗುಂಪಿನ ಹಾಡು ಎಳೆದಾಡುವುದು ಸೋಮಾರಿತನದಿಂದಲ್ಲ, ಇದರಿಂದ. ಸಣ್ಣ ತಂಡದಲ್ಲಿ ಪಕ್ಕದವರನ್ನು ಕೇಳಿ ಹಾಡಿ ಎನ್ನುತ್ತೇವೆ. ಇಲ್ಲಿ ಮಾತ್ರ ಶ್ರುತಿಗೆ ಕಿವಿ, ತಾಳಕ್ಕೆ ಕಣ್ಣು. ಹಾಡಿನ ಮೊದಲ ಸಾಲು, ಕೊನೆಯ ಸಾಲು, ಗತಿ ಬದಲಾಗುವ ಸಾಲು ಇಷ್ಟನ್ನಾದರೂ ಬಾಯಿಪಾಠ ಮಾಡಿ ಬರಲಿ ಎಂದು ತಂಡಗಳಿಗೆ ಹೇಳಿ. ತಾಳವಾದ್ಯ ಮತ್ತು ಕೀಬೋರ್ಡ್ ಗುಂಪಿನ ಸರಿಯಾಗಿ ನಡುವೆ ಇರಲಿ, ಒಂದು ಮೂಲೆಯಲ್ಲಿ ಬೇಡ.

ತಂಡ ತಂಡವಾಗಿ ನಿಲ್ಲಿಸಬೇಕೋ, ದನಿಯ ಪ್ರಕಾರ ಕಲಸಬೇಕೋ? ಗಾಯಕರಿಗೆ ತಮ್ಮವರ ಜೊತೆಗಿದ್ದರೆ ಧೈರ್ಯ. ಆದರೂ ನಾನು ದನಿಯ ಪ್ರಕಾರವೇ ನಿಲ್ಲಿಸಿ ಅನ್ನುತ್ತೇನೆ. ಹೊಸ ತಂಡದ ಅಳುಕಿನ ದನಿಯ ಪಕ್ಕ ಹಳೆಯ ತಂಡದ ಗಟ್ಟಿ ದನಿ ಬಂದು ನಿಲ್ಲುತ್ತದೆ. ಜೊತೆಗೆ, ಬೇರೆ ತಂಡದವರ ಪರಿಚಯ ಆಗುವುದು ಅಲ್ಲೇ ಅಲ್ವಾ? ಗಾಲಿಕುರ್ಚಿಯಲ್ಲಿ ಬರುವವರಿಗೂ, ಬಹಳ ಹೊತ್ತು ನಿಲ್ಲಲಾಗದವರಿಗೂ ಅವರವರ ದನಿಯ ಸಾಲಿನಲ್ಲೇ ಜಾಗ ಇಡಿ. ಮೂಲೆಯಲ್ಲಿ ಪ್ರತ್ಯೇಕ ಕೂರಿಸಬೇಡಿ.

ಗಡಿಯಾರ

ತಂಡಕ್ಕೆ 'ಮೂರು ಹಾಡು' ಎಂದು ಹೇಳಬೇಡಿ. 'ಹತ್ತುವುದರಿಂದ ಇಳಿಯುವವರೆಗೆ 12 ನಿಮಿಷ, ಮಾತೂ ಸೇರಿ' ಎಂದು ಹೇಳಿ. ಮೂರು ಹಾಡು ಎಂದರೆ ಕೆಲವರಿಗೆ ಒಂಬತ್ತು ನಿಮಿಷ, ಕೆಲವರಿಗೆ ಇಪ್ಪತ್ತೆರಡು.

ಏಳು ತಂಡಕ್ಕೆ 12 ನಿಮಿಷದಂತೆ, ನಡುವೆ ನಾಲ್ಕು ನಿಮಿಷ ಬದಲಾವಣೆಗೆ ಹಿಡಿದರೆ 108 ನಿಮಿಷ. ಸ್ವಾಗತ 5, ವಿರಾಮ 15, ಎಲ್ಲರೂ ಜಾಗಕ್ಕೆ ಬಂದು ನಿಲ್ಲಲು 10, ಎಲ್ಲರ ಹಾಡು 15. ಒಟ್ಟು 153 ನಿಮಿಷ. ಎರಡೂವರೆ ಗಂಟೆ ದಾಟಿತು, ಇನ್ನೂ ಯಾರೂ ಭಾಷಣ ಮಾಡಿಲ್ಲ. ಭಾಷಣ ಬೇಕೇಬೇಕು ಎಂದಾದರೆ ಒಂದೇ ಇರಲಿ, ವಿರಾಮಕ್ಕೆ ಮೊದಲು. ಎಲ್ಲರ ಹಾಡಿನ ಮೊದಲು ಖಂಡಿತ ಬೇಡ. 200 ಜನ ನಿಂತು ಕಾಯುತ್ತಿರುತ್ತಾರೆ.

ಬದಲಾವಣೆಯ ನಾಲ್ಕು ನಿಮಿಷ ಉಳಿಸಿಕೊಳ್ಳುವ ಉಪಾಯ ಇದು: ಒಂದು ತಂಡ ಹಾಡುವಾಗ ಮುಂದಿನ ತಂಡ ವೇದಿಕೆಯ ಪಕ್ಕದಲ್ಲಿ ಸಾಲಾಗಿ ನಿಂತಿರಬೇಕು, ಅದರ ಮುಂದಿನ ತಂಡ ತನ್ನ ಕುರ್ಚಿಯಿಂದ ಎದ್ದಿರಬೇಕು. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿಯಬೇಕು. ಪ್ರತಿ ತಂಡಕ್ಕೂ ಒಬ್ಬ ಸ್ವಯಂಸೇವಕರು ಬೆಳಗಿನಿಂದ ರಾತ್ರಿವರೆಗೆ ಜೊತೆಗಿರಲಿ. ಆ ನಾಲ್ಕು ನಿಮಿಷದಲ್ಲೇ ನಿರೂಪಕರು ಮುಂದಿನ ತಂಡದ ಪರಿಚಯ ಮಾಡಲಿ. ತಂಡ ಸಿದ್ಧವಾದ ಮೇಲೆ ಪರಿಚಯ ಶುರುಮಾಡುವ ನಿರೂಪಕರಿಂದ ಹೋಗುವ ಹೊತ್ತು ಕಡಿಮೆಯಲ್ಲ.

ಸರದಿಯ ಬಗ್ಗೆ: ಮಕ್ಕಳ ತಂಡ ಮೊದಲರ್ಧದಲ್ಲಿ ಇರಲಿ, ರಾತ್ರಿಯವರೆಗೆ ಕಾಯಿಸಬೇಡಿ. ಎಲ್ಲಕ್ಕಿಂತ ಹೊಸ ತಂಡ ಎರಡನೆಯದೋ ಮೂರನೆಯದೋ ಬರಲಿ. ಮೊದಲ ಸರದಿಗೆ ಅನುಭವಿ ತಂಡ ಬೇಕು, ಯಾಕೆಂದರೆ ಸಭೆ ಇನ್ನೂ ಕೂರುತ್ತಿರುತ್ತದೆ, ಮೈಕ್ ಇನ್ನೂ ಸರಿಹೋಗುತ್ತಿರುತ್ತದೆ. ಯಾರೂ ಒಪ್ಪದಿದ್ದರೆ ಆತಿಥೇಯ ತಂಡವೇ ಮೊದಲು ಹಾಡಬೇಕು. ಎರಡು ತಂಡ ಒಂದೇ ಹಾಡು ತರದಂತೆ ಮೂರು ತಿಂಗಳು ಮೊದಲೇ ಪಟ್ಟಿ ತರಿಸಿಕೊಳ್ಳಿ. ಮೊದಲು ಕಳಿಸಿದವರಿಗೆ ಆ ಹಾಡು.

ಆ ದಿನದ ರಿಹರ್ಸಲ್

ಎಲ್ಲರ ಹಾಡಿನ ರಿಹರ್ಸಲ್‌ಗೆ 75 ನಿಮಿಷ ಇಡಿ. ಅದಕ್ಕಿಂತ ಜಾಸ್ತಿ ಆದರೆ ಸಂಜೆಗೆ ದನಿ ಉಳಿಯುವುದಿಲ್ಲ.

ಮೊದಲ ಹತ್ತು ನಿಮಿಷ ದನಿ ಬಿಸಿ ಮಾಡಿಕೊಳ್ಳಲು. ತುಟಿಗಳನ್ನು ಸಡಿಲ ಬಿಟ್ಟು ಬುರ್ರ್ ಎಂದು ನಡುಗಿಸುತ್ತಾ ಸ್ವರ ಏರಿಳಿಸುವುದು, ಬಾಯಿ ಮುಚ್ಚಿ ಗುನುಗುವುದು, ಆಮೇಲೆ ಆಕಾರದಲ್ಲಿ ಐದು ಸ್ವರ. ಆಮೇಲೆ ಮೊದಲ ಹಾಡನ್ನು ಎಲ್ಲೂ ನಿಲ್ಲಿಸದೆ ಒಮ್ಮೆ ಪೂರ್ತಿ ಹಾಡಿಸಿ. ತಪ್ಪುಗಳಿರುತ್ತವೆ, ಇರಲಿ. ಆ ದೊಡ್ಡ ದನಿಯ ನಡುವೆ ನಿಲ್ಲುವುದು ಹೇಗಿರುತ್ತದೆ ಎಂದು ಮೊದಲು ಗೊತ್ತಾಗಬೇಕು. ಆಮೇಲೆ ಮೂರೇ ಜಾಗ ತಿದ್ದಿ: ಶುರು, ಮುಗಿತಾಯ, ಗತಿ ಅಥವಾ ದನಿ ಬದಲಾಗುವ ತಿರುವು. ನಡುವಿನದು ತಂಡಗಳು ಕಲಿತು ಬಂದಿರುತ್ತವೆ. ಉದ್ದ ಸ್ವರಗಳಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳದೆ ಪಕ್ಕದವರು ಹಾಡುವಾಗ ತಾವು ಎಳೆದುಕೊಳ್ಳಲಿ, ಸ್ವರ ಎಲ್ಲೂ ತುಂಡಾಗುವುದಿಲ್ಲ. ಎತ್ತರದ ಜಾಗಗಳನ್ನು ಪದೇಪದೇ ಹಾಡಿಸಬೇಡಿ, ಒಂದು ಸ್ಥಾಯಿ ಕೆಳಗೆ ಮೆಲ್ಲನೆ ಹಾಡಿ ನೆನಪಿಸಿಕೊಂಡರೆ ಸಾಕು.

ಒಂದು ಹಾಡಿಗೆ ಒಬ್ಬರೇ ನಿರ್ದೇಶಕರು. ಉಳಿದ ನಿರ್ದೇಶಕರೆಲ್ಲ ಸಾಲಿನಲ್ಲಿ ನಿಂತು ಹಾಡಬೇಕು. ಪಕ್ಕದಲ್ಲಿ ನಿಂತು ತಮ್ಮ ತಂಡಕ್ಕೆ ಸಣ್ಣಗೆ ಕೈ ಆಡಿಸುವಂತಿಲ್ಲ. ಇದನ್ನು ಮೊದಲೇ, ನಗುನಗುತ್ತಾ, ಎಲ್ಲರೆದುರು ಹೇಳಿಬಿಡಿ.

ಕೊನೆಯ ಇಪ್ಪತ್ತು ನಿಮಿಷ ಹಾಡಿಸಬೇಡಿ, ನಡೆಸಿ. ಕುರ್ಚಿಯಿಂದ ಎದ್ದು ತಮ್ಮ ಜಾಗಕ್ಕೆ ಬರುವುದು, ಇಳಿಯುವುದು ಎರಡು ಸಲ ಮಾಡಿಸಿ. ಪ್ರತಿಯೊಬ್ಬರೂ ತಮ್ಮ ಎಡ ಬಲ ಯಾರಿದ್ದಾರೆ ಎಂದು ನೆನಪಿಟ್ಟುಕೊಂಡರೆ ನೆಲದ ಮೇಲೆ ಗುರುತು ಕೂಡ ಬೇಡ.

ಮೈಕ್

ಚೆನ್ನಾದ ಹಾಲ್ ಆದರೆ 200 ಜನರ ಹಾಡಿಗೆ ಮೈಕ್ ಬೇಡವೇ ಬೇಡ. ಒಂಟಿ ದನಿಗೆ, ನಿರೂಪಕರಿಗೆ ಸಾಕು. ಬೇಕಾದಾಗ ಎರಡೋ ನಾಲ್ಕೋ ಕಂಡೆನ್ಸರ್ ಮೈಕ್‌ಗಳನ್ನು (ದೂರದ ದನಿಯನ್ನೂ ಹಿಡಿಯುವ ಸೂಕ್ಷ್ಮ ಮೈಕ್) ಮುಂದಿನ ಸಾಲಿನಿಂದ ಒಂದು ಒಂದೂವರೆ ಮೀಟರ್ ದೂರದಲ್ಲಿ, ಹಿಂದಿನ ಸಾಲಿನ ತಲೆಗಿಂತ ಸ್ವಲ್ಪ ಎತ್ತರದಲ್ಲಿ ಇಡಿ. ಮೈಕಿನಿಂದ ಗಾಯಕರಿಗೆ ಎಷ್ಟು ದೂರವೋ ಅದರ ಮೂರರಷ್ಟಾದರೂ ಎರಡು ಮೈಕ್‌ಗಳ ನಡುವೆ ಇರಬೇಕು. ಹತ್ತಿರ ಇಟ್ಟರೆ ಒಂದೇ ದನಿ ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ ಟೊಳ್ಳಾಗಿ ಕೇಳುತ್ತದೆ. ಗಾಯಕರ ಕಡೆಗಿನ ಸ್ಪೀಕರಿನಲ್ಲಿ ಕೀಬೋರ್ಡ್ ಮಾತ್ರ ಬರಲಿ. ಅವರದೇ ದನಿ ಬಂದರೆ ಕುಯ್ಯ್ ಎಂಬ ಸದ್ದು ಗ್ಯಾರಂಟಿ.

ಸೌಂಡ್‌ನವರಿಗೆ ತಂಡಗಳ ಸರದಿ, ಯಾರಿಗೆ ಏನು ವಾದ್ಯ, ಒಂಟಿ ದನಿ ಎಲ್ಲಿ ಎಂಬ ಒಂದು ಪುಟದ ಪಟ್ಟಿ ಕೊಡಿ. ವೇದಿಕೆಯಿಂದ ಕೈಸನ್ನೆ ಮಾಡಿ ಹೇಳುವುದಕ್ಕಿಂತ ಇದು ವಾಸಿ.

ಮರೆತುಹೋಗುವ ವಿಷಯಗಳು

ಗಾಯಕರಿಗೂ ಕೂರಲು ಕುರ್ಚಿ ಬೇಕು. 600 ಕುರ್ಚಿಯ ಹಾಲ್‌ನಲ್ಲಿ 210 ಅವರಿಗೇ ಹೋಗುತ್ತವೆ. ಟಿಕೆಟ್ ಅಥವಾ ಪಾಸ್ ಹಂಚುವ ಮೊದಲು ಇದನ್ನು ಕಳೆಯಿರಿ. ಅವರು ಸಭೆಯಲ್ಲೇ ಕೂತು ಬೇರೆ ತಂಡಗಳನ್ನು ಕೇಳುವಂತಿರಬೇಕು. ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರೆ ಹಬ್ಬ ಅವರ ಪಾಲಿಗೆ ಕಾಯುವ ಕೋಣೆ.

ನಿಂತು ಹಾಡುವಾಗ ಮಂಡಿಯನ್ನು ಬಿಗಿಯಾಗಿ ಹಿಂದಕ್ಕೆ ಒತ್ತಿ ನಿಂತರೆ ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತುತ್ತದೆ. ಸ್ವಲ್ಪ ಸಡಿಲ ಇರಲಿ ಎಂದು ಎಲ್ಲರಿಗೂ ಹೇಳಿ. ಪ್ರತಿ ಸಾಲಿನ ತುದಿಯಲ್ಲಿ ಒಂದು ಖಾಲಿ ಕುರ್ಚಿ, ಪಕ್ಕದಲ್ಲಿ ಕುಡಿಯುವ ನೀರು ಇಡಿ. ಸೆಂಟ್ ಹಾಕಿಕೊಂಡು ಬರಬೇಡಿ ಎಂದು ಮೊದಲೇ ತಿಳಿಸಿ. ಒತ್ತೊತ್ತಾಗಿ ನಿಂತಾಗ ಆಸ್ತಮಾ ಇರುವವರಿಗೆ ತುಂಬಾ ಕಷ್ಟ. ಮಕ್ಕಳ ತಂಡದ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಫೋಟೊ, ವಿಡಿಯೊಗೆ ಪೋಷಕರ ಒಪ್ಪಿಗೆ ಬರಹದಲ್ಲಿ ಬೇಕು.

ದುಡ್ಡಿನ ವಿಷಯದಲ್ಲಿ ಒಂದೇ ಸಲಹೆ. ಪಾಲು ಹಾಕುವಾಗ ತಂಡದ ಲೆಕ್ಕದಲ್ಲಿ ಬೇಡ, ತಲೆ ಲೆಕ್ಕದಲ್ಲಿ ಹಾಕಿ. ಹನ್ನೆರಡು ಜನರ ತಂಡಕ್ಕೂ ಅರವತ್ತು ಜನರ ತಂಡಕ್ಕೂ ಒಂದೇ ಮೊತ್ತ ಎಂದರೆ ಸಣ್ಣ ತಂಡ ಮುಂದಿನ ಸಲ ಬರುವುದಿಲ್ಲ.

ಮುಗಿದ ಮೇಲೆ

ನೊಟೇಷನ್ ಪ್ರತಿಗಳನ್ನು ಬಾಗಿಲಲ್ಲೇ ವಾಪಸ್ ತೆಗೆದುಕೊಳ್ಳಿ, ನಾಳೆ ಎಂದರೆ ಸಿಗುವುದಿಲ್ಲ. ಎರಡು ವಾರದೊಳಗೆ ಖರ್ಚುವೆಚ್ಚದ ಪಟ್ಟಿಯನ್ನು ಎಲ್ಲ ತಂಡಗಳಿಗೂ ಕಳಿಸಿ. ರೆಕಾರ್ಡಿಂಗ್ ಹಂಚುವ ಮೊದಲು ಪ್ರತಿ ತಂಡ ತನ್ನ ಭಾಗ ಕೇಳಿ ಒಪ್ಪಲಿ. ಸಮಿತಿ ಕೊನೆಯ ಸಲ ಸೇರಿದಾಗ ಮುಂದಿನ ಸಲ ಯಾವ ತಂಡ ಆತಿಥ್ಯ ವಹಿಸುತ್ತದೆ ಎಂದು ತೀರ್ಮಾನಿಸಿ. ಸರದಿ ಪಟ್ಟಿ, ನಿಲ್ಲುವ ನಕ್ಷೆ, ಹಾಲ್‌ನವರ ಮತ್ತು ಸೌಂಡ್‌ನವರ ಫೋನ್ ನಂಬರ್, ನಿಮಿಷ ನಿಮಿಷದ ವೇಳಾಪಟ್ಟಿ, ಅದರ ಪಕ್ಕದಲ್ಲಿ ನಿಜವಾಗಿ ಹಿಡಿದ ಸಮಯ ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ ಆ ತಂಡದ ಕೈಗೆ ಕೊಡಿ.